ಅಪ್ಪ ಮಾಡಿದ ಕನ್ನಡಕ

ಫಲಿತಾಂಶ ಬಂದು ಒಂದು ವಾರವಾಗಿತ್ತು. ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ನೋಡಿ ಮನೆಯಲ್ಲಿ ಯಾರೂ ಬೈದಿರಲಿಲ್ಲ. ಆದರೆ "ಇನ್ನೊಂದ್ಸಲ ಬರೀತೀನಿ" ಎಂದು ಅವಳು ಎಷ್ಟು ಗೋಗರೆದರೂ ಅಪ್ಪನದು ಒಂದೇ ಮಾತು: "ಈ ಮನೆಗೆ ಒಬ್ಬ ಡಾಕ್ಟರು ಸಾಕು."

ಆ ಡಾಕ್ಟರು ಅವಳ ಅಣ್ಣ. ಅದೇ ಪರೀಕ್ಷೆಯನ್ನು ಮೂರು ಸಲ ಬರೆದು, ಮೂರು ಸಲವೂ ನಪಾಸಾಗಿ, ಈಗ ಅಪ್ಪನ ಕನ್ನಡಕದ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂರುತ್ತಿದ್ದ. ಗಿರಾಕಿಗಳೂ ಅವನನ್ನು ಡಾಕ್ಟರೇ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಮಗಳ ವರ್ಷಗಳೂ ಹಾಗೆ ನೀರಲ್ಲಿ ಹೋಮವಾಗುವುದು ಅಪ್ಪನಿಗೆ ಬೇಕಿರಲಿಲ್ಲ. ನಾಳೆ ಹತ್ತಿರದ ಕಾಲೇಜಿನಲ್ಲಿ ಸಾದಾ ಪದವಿಗೆ ಸೇರುವುದೆಂದು ತೀರ್ಮಾನವಾಗಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಕನ್ನಡಕ ಮೂಗಿನ ಮೇಲಿಂದ ಜಾರುತ್ತಿದ್ದುದನ್ನು ಅಪ್ಪ ನೋಡಿದ. "ತಿರುಪು ಸಡಿಲ ಆಗಿದೆ, ಅಂಗಡಿಗೆ ಬಾ" ಎಂದ. ಅವಳು ಹೋದಳು.

ಅಂಗಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹೊಸ ಕನ್ನಡಕಕ್ಕಾಗಿ ಕಾಯುತ್ತ ಕೂತಿದ್ದರು. ಅಪ್ಪ ತಿರುಪು ಬಿಗಿ ಮಾಡಿದ, ಗಾಜು ಒರೆಸಿದ. ಆಮೇಲೆ ಕೈಗೆ ಅಭ್ಯಾಸವಾಗಿ ಹೋಗಿದ್ದರಿಂದ, ಅದನ್ನು ಪವರ್ ಅಳೆಯುವ ಯಂತ್ರದೊಳಗಿಟ್ಟು ಕಣ್ಣು ಹಚ್ಚಿದ.

ಅಲ್ಲಿಗೇ ನಿಂತುಬಿಟ್ಟ.

ಇನ್ನೊಂದು ಗಾಜು ಇಟ್ಟ. ಮತ್ತೆ ಮೊದಲನೆಯದು. ಯಂತ್ರ ಕೆಟ್ಟಿರಬೇಕೆಂದು ಮೇಷ್ಟ್ರ ಕನ್ನಡಕ ಇಟ್ಟು ನೋಡಿದ. ಯಂತ್ರ ಸರಿಯಾಗಿಯೇ ಇತ್ತು. ತಲೆ ಎತ್ತಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತಪ್ಪ?" ಎಂದ ಅಣ್ಣ.

"ಅದಲುಬದಲು." ಅಪ್ಪನ ದನಿ ಯಾರದೋ ದನಿಯ ಹಾಗಿತ್ತು. "ಬಲಗಣ್ಣಿಂದು ಎಡಕ್ಕೆ ಕೂಡಿಸಿದೀನಿ, ಎಡದ್ದು ಬಲಕ್ಕೆ. ಗಾಜು ಉಜ್ಜೋಕೆ ಮುಂಚೆ ಗುರುತು ಹಾಕೋವಾಗ್ಲೇ ತಪ್ಪಿದೀನಿ ಕಣೋ."

ಅವಳ ಎರಡು ಕಣ್ಣಿನ ಪವರಿಗೂ ಅಜಗಜಾಂತರ. ಪರೀಕ್ಷೆಗೆ ನಾಲ್ಕು ತಿಂಗಳಿದ್ದಾಗ ಅಪ್ಪ ಆ ಕನ್ನಡಕವನ್ನು ಅಂಗಡಿ ಮುಚ್ಚಿದ ಮೇಲೆ ತಾನೊಬ್ಬನೇ ಕೂತು ಮಾಡಿದ್ದ. ಹಗುರವಾದ ಫ್ರೇಮು ತಾನೇ ಆರಿಸಿ, ಮಗಳ ಮುಖಕ್ಕೆ ತಾನೇ ತೊಡಿಸಿ, ದೂರ ನಿಂತು ನೋಡಿ ಹಿಗ್ಗಿದ್ದ. ಗಿರಾಕಿಗೆ ಕೊಡುವ ಒಂದೊಂದು ಕನ್ನಡಕವನ್ನೂ ಅಣ್ಣ ಯಂತ್ರದಲ್ಲಿಟ್ಟು ಇನ್ನೊಮ್ಮೆ ನೋಡುವುದು ಅಂಗಡಿಯ ಕಟ್ಟಳೆ. ಮನೆ ಹುಡುಗಿಯದಲ್ಲವೇ? ಅದೊಂದು ಮಾತ್ರ ಯಂತ್ರಕ್ಕೆ ಹೋಗದೆ ನೇರವಾಗಿ ಮೂಗಿನ ಮೇಲೆ ಹೋಗಿತ್ತು.

ಅವಳು ಗಾಜಿನ ಕಪಾಟನ್ನು ಹಿಡಿದುಕೊಂಡು ನಿಂತಳು. ಆ ಕನ್ನಡಕ ಹಾಕಿದ ಮೊದಲ ವಾರವೇ ತಲೆ ಸಿಡಿದುಹೋಗುತ್ತಿತ್ತು. ತನ್ನ ಕಣ್ಣಿಗೇ ಹೊಸದು ಒಗ್ಗುತ್ತಿಲ್ಲ ಎಂದುಕೊಂಡಿದ್ದಳು. ಅಪ್ಪನ ಕೈಕೆಲಸ ತಪ್ಪಿರಬಹುದೆಂದು ಒಂದು ಗಳಿಗೆಯೂ ಅನ್ನಿಸಿರಲಿಲ್ಲ.

"ನಾಳೆ ಆ ಕಾಲೇಜಿಗೆ ಹೋಗೋದು ಬೇಡ," ಅಪ್ಪ ಹೇಳಿದ. "ನೀನು ಇನ್ನೊಂದ್ಸಲ ಬರಿ. ನಾನೇ ನಿನ್ನ ಕಣ್ಣು ಕಟ್ಟಿ ಪರೀಕ್ಷೆಗೆ ಕಳಿಸಿದ್ನಲ್ಲೇ ಮರಿ!"

ಒಂದು ವಾರ ಅತ್ತು ಕರೆದರೂ ಸಿಗದಿದ್ದುದು ಕೇಳದೆಯೇ ಮಡಿಲಿಗೆ ಬಂದು ಬಿದ್ದಿತ್ತು. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ.

ಯಾಕೆಂದರೆ ಪರೀಕ್ಷೆಯ ದಿನ ಅವಳು ಆ ಕನ್ನಡಕವನ್ನು ಹಾಕಿಕೊಂಡೇ ಇರಲಿಲ್ಲ. ಮೊದಲ ವಾರ ಕಳೆದ ಮೇಲೆ ಓದಿದ್ದು, ಬರೆದಿದ್ದು ಎಲ್ಲ ಹಳೆಯ, ಗೀರು ಬಿದ್ದ ಕನ್ನಡಕದಲ್ಲಿ. ಹೊಸದನ್ನು ಏರಿಸುತ್ತಿದ್ದುದು ಅಪ್ಪ ಎದುರಿಗಿದ್ದಾಗ ಮಾತ್ರ.

ಸುಮ್ಮನಿದ್ದರೆ ಒಂದು ವರ್ಷ ಸಿಗುತ್ತದೆ. ಸುಳ್ಳು ಹೇಳಬೇಕಾಗಿಯೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವಳು ಮುಚ್ಚಿಕೊಂಡೇ ಇದ್ದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

ಮೇಷ್ಟ್ರು ಕೆಮ್ಮಿದರು. "ನನ್ನದೊಂದು ಕೊಟ್ಟುಬಿಟ್ರೆ ಹೊರಡ್ತೀನಿ ಮಾರಾಯ. ಮನೇಲಿ ಪೇಪರ್ ಕಾಯ್ತಿದೆ."

ಅಪ್ಪ ಅವರ ಕನ್ನಡಕ ಎತ್ತಿಕೊಂಡ. ಕಡ್ಡಿಗೆ ತಿರುಪು ಕೂಡಿಸಲು ಹೋದ. ತಿರುಪು ತೂತಿಗೆ ಹೋಗಲಿಲ್ಲ. ಎರಡನೆಯ ಸಲವೂ ಹೋಗಲಿಲ್ಲ. ತಿರುಪು ಕೆಳಗೆ ಬಿತ್ತು. ಅದನ್ನು ಹುಡುಕಲೂ ಅವನು ಬಗ್ಗಲಿಲ್ಲ.

"ಮೇಷ್ಟ್ರೇ, ನೀವು ಬೇರೆ ಅಂಗಡಿಗೆ ಹೋಗಿಬಿಡಿ."

"ಹಾಗಂದ್ರೆ?"

"ನನ್ನ ಕೈ ನಂಬಬೇಡಿ."

ಮೇಷ್ಟ್ರು ನಗಬೇಕೋ ಬೇಡವೋ ತಿಳಿಯದೆ ಅಣ್ಣನತ್ತ ನೋಡಿದರು. ಅಣ್ಣ ಮೆಲ್ಲಗೆ, "ಸಂಜೆ ನಾನೇ ಮನೆಗೆ ತಂದುಕೊಡ್ತೀನಿ" ಎಂದು ಅವರನ್ನು ಕಳಿಸಿಕೊಟ್ಟ. ಅಪ್ಪ ಕೆಲಸದ ಮೇಜಿನ ದೀಪ ಆರಿಸಿದ. ಆ ಹೊತ್ತಿನಲ್ಲಿ ಅವನು ಆ ದೀಪ ಆರಿಸಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಅಪ್ಪ, ಪರೀಕ್ಷೆಗೆ ನಾನು ಅದನ್ನ ಹಾಕ್ಕೊಂಡಿರ್ಲಿಲ್ಲ."

ಅಪ್ಪ ತಿರುಗಿದ.

"ಹಳೇದು ಹಾಕ್ಕೊಂಡಿದ್ದೆ. ಹೊಸದು ಹಾಕ್ಕೊಂಡ್ರೆ ಮೊದಲನೇ ವಾರದಿಂದಾನೇ ತಲೆನೋವು ಬರ್ತಿತ್ತು."

ಎದೆಯ ಮೇಲಿನ ಕಲ್ಲು ಇಳಿದವನಂತೆ ಅಪ್ಪ ಉಸಿರು ಬಿಡುತ್ತಾನೆ ಎಂದುಕೊಂಡಿದ್ದಳು. ಅಪ್ಪನ ಮುಖ ಇನ್ನಷ್ಟು ಬಿಳಿಚಿತು.

"ಮೊದಲನೇ ವಾರದಿಂದ? ಒಂದು ಮಾತು ಹೇಳಬಾರದಾಗಿತ್ತೇನೇ? ಬೀದೀಲಿ ಹೋಗೋರೆಲ್ಲ ಬಂದು 'ಏನಯ್ಯಾ ಇದು, ಕಣ್ಣು ಕಾಣಲ್ಲ' ಅಂತ ಬೈದು ಹೋಗ್ತಾರೆ ನನಗೆ. ನೀನು ಹೇಳಕ್ಕಾಗ್ಲಿಲ್ವಾ?"

"ನೀನು ಅಷ್ಟು ಖುಷಿಯಾಗಿದ್ದೆ."

"ಅಷ್ಟಕ್ಕೆ ತಲೆನೋವು ನುಂಗ್ಕೊಂಡು ಇದ್ಯಾ? ನನ್ನ ಮುಂದೆ ವೇಷ ಹಾಕ್ಕೊಂಡು ಓಡಾಡ್ತಿದ್ಯಾ?"

ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. "ಹಾಗಾದ್ರೆ ಪರೀಕ್ಷೆ?" ಎಂದ.

"ಎಲ್ಲಾ ಚೆನ್ನಾಗಿ ಕಾಣ್ತಿತ್ತಪ್ಪ. ಉತ್ತರ ಗೊತ್ತಿರ್ಲಿಲ್ಲ." ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಅರ್ಧ ಪಾಠ ನನಗೆ ಅರ್ಥವೇ ಆಗಿರ್ಲಿಲ್ಲ. ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಆದ್ರೂ ಇನ್ನೊಂದ್ಸಲ ಬರೀಬೇಕು. ನೀನು ಬೇಡ ಅಂದ್ರೆ ನಾಳೆ ಆ ಕಾಲೇಜಿಗೇ ಹೋಗ್ತೀನಿ."

ಅಪ್ಪ ಅಣ್ಣನ ಕಡೆ ಬೆರಳು ಮಾಡಿದ. "ಇವನೂ ಹೀಗೇ ಅಂತಿದ್ದ."

"ಹೀಗೆ ಅಂತಿರ್ಲಿಲ್ಲಪ್ಪ," ಎಂದ ಅಣ್ಣ. ಗಿರಾಕಿಗಳ ಮುಂದೆ ಆಡುವ ಹುಡುಗಾಟದ ದನಿಯಲ್ಲ. "ಒಂದ್ಸಲ ಜ್ವರ ಅಂದೆ. ಒಂದ್ಸಲ ಪ್ರಶ್ನೆಪತ್ರಿಕೇನೇ ತಪ್ಪು ಅಂದೆ. ಮೂರನೇ ಸಲ ಏನಂದೆ ಅಂತ ನೆನಪೂ ಇಲ್ಲ. ಗೊತ್ತಿರ್ಲಿಲ್ಲ ಅಂತ ನನ್ನ ಬಾಯಲ್ಲಿ ಒಂದು ದಿನ ಬಂದಿತ್ತಾ? ಬರೀಲಿ ಬಿಡು."

ಅಪ್ಪ ಇಬ್ಬರನ್ನೂ ನೋಡಿದ. ತನ್ನ ಮನೆಯಲ್ಲೇ ಬಾಡಿಗೆಗೆ ಇದ್ದ ಅಪರಿಚಿತರನ್ನು ಈಗಷ್ಟೇ ಕಂಡವನಂತೆ.

"ಒಂದೇ ಸಲ," ಎಂದ ಕೊನೆಗೆ. "ಒಂದೇ. ಆಮೇಲೆ ನಾನು ಕೇಳಲ್ಲ, ನೀನೂ ಕೇಳಬೇಡ."

ಅವಳು ತಲೆಯಾಡಿಸಿದಳು. ಸಂತೋಷ ಎಲ್ಲೋ ಇರಬೇಕಿತ್ತು. ಹುಡುಕಿದರೆ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಹೆದರಿಕೆ. ಇನ್ನು ಮುಂದೆ ನಪಾಸಾದರೆ ಅದು ತನ್ನದೊಬ್ಬಳದೇ.

ಅಪ್ಪ ಎದ್ದು ಕಣ್ಣು ಪರೀಕ್ಷಿಸುವ ಕುರ್ಚಿಯ ಕಡೆ ಕೈ ತೋರಿಸಿದ. ಅವಳು ಕೂತಳು. ತಣ್ಣಗಿನ ಲೋಹದ ಫ್ರೇಮನ್ನು ಅವನು ಅವಳ ಮೂಗಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿದ, ಇನ್ನೊಂದಕ್ಕೆ ಗಾಜು ಇಳಿಸಿದ.

"ಕಾಣ್ತಿದೆಯಾ?"

ಹೂಂ ಅನ್ನುವುದು ನಾಲಿಗೆಯ ತುದಿಯವರೆಗೆ ಬಂತು.

"ಇಲ್ಲಪ್ಪ," ಎಂದಳು. "ಮಸುಕಾಗಿದೆ."

ಅಪ್ಪ ಗಾಜು ಬದಲಿಸಿದ.