ನಾಲ್ಕನೇ ಮಹಡಿಯ ತೊವ್ವೆ

ಮನೆ ಕೊಳ್ಳುವ ಮೊದಲು ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ, ಇಪ್ಪತ್ತೇಳು ಅಂಶ ಎಂದು ಹೇಳುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ, ಅದು ಬೇರೆ ಮಾತು. ಸ್ಟೇಷನ್ನಿನಿಂದ ಎಷ್ಟು ನಡಿಗೆ, ಮಳೆ ಬಂದರೆ ರಸ್ತೆಯ ನೀರು ಮೊಣಕಾಲಿಗೋ ಸೊಂಟಕ್ಕೋ, ಲಿಫ್ಟ್ ನಿಂತರೆ ಮೆಟ್ಟಿಲೆಷ್ಟು, ಬಟ್ಟೆ ಒಣಗಿಸುವ ಜಾಗಕ್ಕೆ ಬಿಸಿಲು ಯಾವ ಹೊತ್ತಿಗೆ, ಮೇಲಿನವರ ಬಚ್ಚಲು ನಮ್ಮ ಯಾವ ಕೋಣೆಯ ನೆತ್ತಿಗೆ. ರಾಯಪುರಂನಲ್ಲಿ ಹಡಗಿನ ಸರಕಿನ ಕಾಗದ ಪತ್ರ ನೋಡುತ್ತ ಮೂವತ್ತು ವರ್ಷ ಕಳೆದವನು ನಾನು. ಭೋಜರಾಜ ಎಂದು ಹೆಸರಿಟ್ಟುಕೊಂಡವನಿಗೆ ಆಸ್ಥಾನವಿಲ್ಲದಿದ್ದರೂ ಒಂದು ಪಟ್ಟಿಯಾದರೂ ಬೇಡವೇ? ಪ್ರತಿ ಅಂಶಕ್ಕೂ ಅಂಕ ಇಟ್ಟಿದ್ದೆ. ಒಟ್ಟು ನೂರು, ಪಾಸಾಗಲು ಅರವತ್ತು.

ಕಡಿಮೆ ಸಂಬಳದವರಿಗೆಂದು ಸರ್ಕಾರಿ ಮಂಡಳಿಯೊಂದು ತಾಂಬರಂನಿಂದಾಚೆ ಕಟ್ಟಿದ ಮನೆಗಳಿಗೆ ಚೀಟಿ ಎತ್ತಿದಾಗ ನನ್ನ ಹೆಂಡತಿ ಜಲಜಾಳ ಹೆಸರು ಬಂತು. ಹೆಂಗಸರ ಹೆಸರಿಗಾದರೆ ಮೊದಲ ಮಣೆ ಎಂದು ಅವಳ ಹೆಸರಿನಲ್ಲೇ ಅರ್ಜಿ ಹಾಕಿದ್ದೆವು. ಮೂರನೇ ಬ್ಲಾಕ್, ನಾಲ್ಕನೇ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಶನಿವಾರ ಮನೆ ನೋಡಲು ಬಿಡುತ್ತಾರೆ, ಅಂದೇ ಸಂಜೆ ನಾಲ್ಕರೊಳಗೆ ಜಲಜಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಮನೆ ಕಾಯುವ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ.

ನನಗೆ ಆ ಮನೆ ಬೇಕಿತ್ತು. ಐವತ್ತಾರನೆಯ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಿತ್ತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಒಂಬತ್ತು ಬಾಡಿಗೆ ಮನೆಗಳನ್ನೂ ಒಂಬತ್ತು ಹೌಸ್ ಓನರ್‌ಗಳನ್ನೂ ಕಂಡವನು ಇನ್ನೇನು ಆಸೆಪಡಬೇಕು? ಆದರೆ ಬಾಯಿ ಬಿಡುವಂತಿರಲಿಲ್ಲ. ನಾನು ಆಸೆಪಟ್ಟು ತಂದ ವಸ್ತುವನ್ನು ಜಲಜಾ ಎರಡೆರಡು ಸಲ ತಟ್ಟಿ ನೋಡುತ್ತಾಳೆ. ಹಿಂದೊಮ್ಮೆ ನಾನು ಮನಸಾರೆ ಮೆಚ್ಚಿ ತಂದ ಹಳೆ ಸ್ಕೂಟರು ಮೂರನೇ ದಿನ ಎರಡು ಭಾಗವಾಗಿದ್ದು ಇದಕ್ಕೆ ಕಾರಣ.

ಅದಕ್ಕಿಂತ ಹೆಚ್ಚಿನ ತೊಂದರೆ ಪಟ್ಟಿಯದ್ದೇ. ಮಂಡಳಿಯ ನಕ್ಷೆ ನೋಡಿ, ಅವರಿವರನ್ನು ಕೇಳಿ ಮೊದಲೇ ಲೆಕ್ಕ ಹಾಕಿದಾಗ ಇಪ್ಪತ್ತಾರು ಅಂಶಗಳಿಗೆ ಬಂದದ್ದು ಐವತ್ತನಾಲ್ಕು ಅಂಕ. ತಿದ್ದಲು ಕೈ ಏಳಲಿಲ್ಲ. ಉಳಿದದ್ದು ನೀರು ಮಾತ್ರ, ಅದಕ್ಕೆ ಹತ್ತು ಅಂಕ. ಆ ಜಾಗವನ್ನು ಖಾಲಿ ಬಿಟ್ಟಿದ್ದೆ, ಏಕೆಂದರೆ ನೀರು ಜಲಜಾಳ ಇಲಾಖೆ.

ಅವಳ ಇಲಾಖೆಯಲ್ಲಿ ನಿಯಮ ಒಂದೇ. ನೀರು ಒಳ್ಳೆಯದಾದರೆ ತೊಗರಿಬೇಳೆ ಮೂರು ವಿಸಿಲಿಗೆ ಬೆಣ್ಣೆಯಾಗುತ್ತದೆ. ಗಡಸು ನೀರಾದರೆ ಹತ್ತು ವಿಸಿಲಾದರೂ ಬೇಳೆ ಬೇಳೆಯಾಗಿಯೇ ಕೂತಿರುತ್ತದೆ. ಹಾಗಾಗಿ ಶನಿವಾರ ಬೆಳಿಗ್ಗೆ ಅವಳು ಕುಕ್ಕರು, ಕರೆಂಟಿನ ಒಲೆ, ಬೇಳೆ, ಹಸಿಮೆಣಸು, ಶುಂಠಿ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಎತ್ತಿದರೆ ನನ್ನ ಭುಜ ಒಂದು ಕಡೆಗೆ ವಾಲಿತು.

“ಅಮ್ಮಾ, ವೀಡು ಪಾಕ್ಕ ಪೋರೋಮಾ, ಇಲ್ಲ ಪಿಕ್ನಿಕ್ಕಾ?” ಎಂದಳು ಮಗಳು ವೀಕ್ಷಾ. ಹೊರಟದ್ದು ಮನೆ ನೋಡಲೋ ಪಿಕ್ನಿಕ್ಕಿಗೋ ಎಂದು ಅವಳ ಪ್ರಶ್ನೆ. ಅವಳಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

“ಬಾಯಲ್ಲಿ ಹಾಕಿದ್ರೆ ನೀರು ಎಂಥದ್ದೂಂತ ನಮಗೆ ಗೊತ್ತಾಗುದಿಲ್ಲ ಮಾರಾಯ್ತಿ. ಬೇಳೆಗೇ ಗೊತ್ತಾಗ್ಬೇಕು. ನೀನು ನಡಿ,” ಎಂದಳು ಜಲಜಾ.

ತಾಂಬರಂವರೆಗೆ ಲೋಕಲ್ ರೈಲು, ಆಮೇಲೆ ಶೇರ್ ಆಟೋ. ಮನೆಯೊಳಗೆ ಕಾಲಿಟ್ಟದ್ದೇ ನಮ್ಮ ಮೂವರ ತಲೆಯೂ ತಿರುಗಿತು. ವೀಕ್ಷಾ ಎಲ್ಲ ಸ್ವಿಚ್ಚುಗಳನ್ನು ಹಾಕಿ ತೆಗೆದು ಮತ್ತೆ ಹಾಕಿದಳು. ಜಲಜಾ ಪ್ರತಿ ಕಿಟಕಿಯ ಹೊರಗೂ ಕೈ ಚಾಚಿ ಗಾಳಿ ಹಿಡಿದಳು. ನಾನು ಅಳತೆ ಟೇಪು ಹಿಡಿದು ಒಂದೇ ಗೋಡೆಯನ್ನು ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಬಂತು. ಇದ್ದ ಎರಡು ಕೋಣೆಯಲ್ಲೇ ನಾವು ಒಬ್ಬರನ್ನೊಬ್ಬರು ಕಳೆದುಕೊಂಡು ಕೂಗಿ ಹುಡುಕಿದೆವು.

ಜಲಜಾ ಒಲೆ ಹೂಡುವಷ್ಟರಲ್ಲಿ ನಾನು ಹತ್ತೊಂಬತ್ತನೆಯ ಅಂಶವನ್ನು ಕಣ್ಣಾರೆ ನೋಡಲು ಕೆಳಗಿಳಿದೆ. ಅದು ಕಟ್ಟಡದ ಹಿಂಭಾಗ. ಅಲ್ಲಿ ನೀರಿನ ಲಾರಿಯೊಂದು ನಿಂತು, ನೆಲದೊಳಗಿನ ತೊಟ್ಟಿಗೆ ಕೊಳವೆ ಬಿಟ್ಟು ಸಿಹಿನೀರು ಸುರಿಯುತ್ತಿತ್ತು.

“ಇನ್ನಿಕ್ಕಿ ಮಟ್ಟುಂದಾನ್ ಸಾರ್. ಜನಂಗ ಪಾಕ್ಕ ವರಾಂಗಲ್ಲ,” ಎಂದ ಡ್ರೈವರ್. ಜನ ನೋಡಲು ಬರುತ್ತಾರೆಂದು ಇವತ್ತೊಂದು ದಿನ ಮಾತ್ರ ಈ ನೀರು. ದಿನನಿತ್ಯದ್ದು ಬೋರ್‌ವೆಲ್ಲು. ಪಕ್ಕದ ಕೈಪಂಪು ಒತ್ತಿ ಬೊಗಸೆಯಲ್ಲಿ ಹಿಡಿದು ಕುಡಿದೆ. ಉಪ್ಪಿನಕಾಯಿ ಭರಣಿ ತೊಳೆದ ನೀರಿನಂತಿತ್ತು.

ಲಿಫ್ಟ್ ಇನ್ನೂ ಶುರುವಾಗಿರಲಿಲ್ಲ. ಮೊದಲ ಮಹಡಿಯ ಮೆಟ್ಟಿಲು ಹತ್ತುವಾಗ ಜಲಜಾಗೆ ಈಗಲೇ ಹೇಳಿಬಿಡುವುದು ಎಂದುಕೊಂಡೆ. ಎರಡನೆಯ ಮಹಡಿಯಲ್ಲಿ, ಸಹಿಯಾದ ಮೇಲೆ ಹೇಳೋಣ ಎನಿಸಿತು. ಮೂರನೆಯದರಲ್ಲಿ ಲಾರಿಯ ನೀರೂ ನೀರೇ ಅಲ್ಲವೇ ಎಂಬ ಜ್ಞಾನೋದಯವಾಯಿತು. ನಾಲ್ಕನೆಯದನ್ನು ತಲುಪುವಾಗ ತುಟಿ ಹೊಲಿದುಕೊಂಡಿದ್ದೆ. ಸಣ್ಣ ಮನುಷ್ಯನಾಗಿಬಿಟ್ಟೆ ಎಂದು ಬೇಸರವಾಯಿತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ವಿಸಿಲಿಗೆ ಎದುರು ಮನೆಯ ಬಾಗಿಲು ತೆರೆಯಿತು. ಆ ಮನೆ ನೋಡಲು ಬಂದಿದ್ದ ಹೊಸೂರು ಕಡೆಯ ಸಾಕಮ್ಮ, ರೈಲ್ವೆ ಕ್ಯಾಂಟೀನಿನಲ್ಲಿ ದುಡಿಯುವಾಕೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಒಳಗೆ ಬಂದಳು.

“ಇನ್ನೂ ಬೀಗದ ಕೈ ಕೊಟ್ಟಿಲ್ಲ, ಆಗ್ಲೇ ಅಡುಗೆ ಏನಕ್ಕಾ?”

“ಅಡುಗೆ ಅಲ್ಲ, ಪರೀಕ್ಷೆ. ಬೇಳೆ ಬೆಂದ್ರೆ ಸಹಿ, ಇಲ್ಲದಿದ್ರೆ ಇಲ್ಲ,” ಎಂದಳು ಜಲಜಾ.

“ಅಯ್ಯೋ, ನಮ್ಮನೆಯವ್ರಿಗೂ ಅದೇ ಡವುಟು ಕಣಕ್ಕಾ. ತಾಳು, ಕರೀತೀನಿ.”

ಎರಡನೆಯ ವಿಸಿಲಿಗೆ ಸಾಕಮ್ಮನ ಗಂಡ ಬಂದ, ಅವನ ಹಿಂದೆ ಮೂರನೇ ಮಹಡಿಯವರು ಬಂದರು. ಮೂರನೆಯದಕ್ಕೆ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಯಾರೋ ಇಂಗು ಕೊಟ್ಟರು, ಯಾರೋ ಕೆಳಗಿನ ಟೀ ಅಂಗಡಿಯಿಂದ ಕಾಗದದ ಲೋಟ ತಂದರು. ಜಲಜಾ ಮುಚ್ಚಳ ತೆಗೆದಾಗ ಹಿಂದಿನವರು ತುದಿಗಾಲಲ್ಲಿ ನಿಂತರು. ಸೌಟು ತಗುಲಿಸಿದ್ದೇ ತಡ, ಬೇಳೆ ಕರಗಿ ಹೋಯಿತು.

ಜನ ಚಪ್ಪಾಳೆ ತಟ್ಟಿದರು. ತೊವ್ವೆಗೆ ಚಪ್ಪಾಳೆ ಬಿದ್ದದ್ದನ್ನು ನಾನು ಅಂದೇ ನೋಡಿದ್ದು. ಲೋಟ ಲೋಟ ಕುಡಿದು, ತುಟಿ ಒರೆಸಿಕೊಂಡು, ಹನ್ನೊಂದು ಮನೆಯವರು ಒಪ್ಪಿಗೆ ಪತ್ರಕ್ಕಾಗಿ ಕೆಳಗೆ ಓಡಿದರು. ಜಲಜಾ ನನ್ನ ಜೇಬಿನಿಂದ ಪಟ್ಟಿ ಎಳೆದು, ನೀರಿನ ಮುಂದೆ ತಾನೇ ಹತ್ತಕ್ಕೆ ಹತ್ತು ಬರೆದಳು. ಅರವತ್ತನಾಲ್ಕಾಯಿತು.

“ಅಪ್ಪಾ, ಪಾಸ್,” ಎಂದು ವೀಕ್ಷಾ ನನ್ನ ಕೈ ಹಿಡಿದು ಗರಗರ ತಿರುಗಿಸಿದಳು.

ಕೆಳಗೆ ಸಾಲಿನಲ್ಲಿ ನಿಂತ ಮೇಲೆ ತಿರುಗುತ್ತಿದ್ದ ತಲೆ ನಿಂತಿತು. ಮುಂದೆ ಹನ್ನೊಂದು ಸಂಸಾರಗಳ ಬೆನ್ನು ಕಾಣುತ್ತಿತ್ತು. ಇವರೆಲ್ಲ ನನ್ನ ಹೆಂಡತಿಯ ತೊವ್ವೆ ನಂಬಿ ನಿಂತವರು, ತೊವ್ವೆಯ ಒಳಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಸುಮ್ಮನಿದ್ದರೆ ಮನೆ ನಮ್ಮದು, ಬಾಯಿ ಬಿಟ್ಟರೆ ಜಲಜಾ ಸಹಿ ಹಾಕದೆ ತಿರುಗಿ ನಡೆಯಬಹುದು. ತಡೆಯಲಾಗಲಿಲ್ಲ.

“ಜಲಜಾ, ನಲ್ಲಿಯಲ್ಲಿ ಬಂದದ್ದು ಲಾರಿ ನೀರು. ನಾನು ಆಗ್ಲೇ ನೋಡಿದ್ದೇನೆ. ಬೋರಿನದ್ದು ಬರೀ ಉಪ್ಪು.”

ಅವಳು ನನ್ನನ್ನೇ ನೋಡಿದಳು. ಸಿಟ್ಟು ಬರುತ್ತದೆಂದು ಕಾದೆ. ಅವಳ ಕಿವಿ ಕೆಂಪಾಯಿತು.

“ನಾನು ನಲ್ಲಿ ತಿರುಗಿಸ್ಲೇ ಇಲ್ಲ,” ಎಂದಳು ಮೆಲ್ಲಗೆ. “ಬೇಳೆ ಬೇಯಿಸಿದ್ದು ನಮ್ಮ ಮನೆ ನೀರಲ್ಲಿ. ಎರಡು ಬಾಟ್ಲಿ ತಂದಿದ್ದೆ.”

“ಎಂತಕ್ಕೆ?”

“ನಿಮ್ಮ ಪಟ್ಟಿ ನೋಡಿದೆ. ಆರು ಅಂಕ ಕಡಿಮೆ ಇತ್ತು. ನೀವು ಅಂಕ ಬಾರದಿದ್ರೆ ಬೇಡ ಹೇಳುವ ಜನ. ನನಗೆ ಈ ಮನೆ ಬೇಕಿತ್ತು. ಚೀಟಿ ಎತ್ತಿದ ದಿನವೇ ಬೇಕಿತ್ತು.”

ಚೀಲದ ಭಾರ ಆಗ ಅರ್ಥವಾಯಿತು. ನಾನು ನಕ್ಕೆ, ಅವಳೂ ನಕ್ಕಳು. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕಿವಿಗೊಟ್ಟು ನಿಂತಿದ್ದ ವೀಕ್ಷಾ ಮಾತ್ರ ಗಂಭೀರವಾಗಿ, “ಮತ್ತವಂಗಳುಕ್ಕು ಯಾರು ಸೊಲ್ಲುವಾ?” ಎಂದಳು. ಉಳಿದವರಿಗೆ ಹೇಳುವವರು ಯಾರು?

ಜಲಜಾಳೇ ಹೇಳಿದಳು, ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡು, ಸಾಲಿಗೆಲ್ಲ ಕೇಳುವ ಹಾಗೆ, ತಮಿಳಿನಲ್ಲಿ. ಬೇಳೆ ಬೆಂದದ್ದು ಈ ಊರಿನ ನೀರಲ್ಲಿ ಅಲ್ಲ, ಇಲ್ಲಿಯದ್ದು ಉಪ್ಪು, ಯೋಚಿಸಿ ಸಹಿ ಹಾಕಿ, ನನ್ನನ್ನು ಬೈಯುವುದಾದರೆ ಈಗಲೇ ಬೈಯಿರಿ.

“ಉಪ್ಪು ಅಂತ ನಂಗೆ ಹೋದ ವಾರಾನೇ ಗೊತ್ತಕ್ಕಾ,” ಎಂದಳು ಸಾಕಮ್ಮ. “ಬಂದು ಕುಡ್ದು ನೋಡಿದ್ದೆ. ನಮ್ಮನೆಯವ್ರು ಬ್ಯಾಡ ಅಂದಾರು ಅಂತ ಬಾಯಿ ಮುಚ್ಕೊಂಡಿದ್ದೆ.”

ಅವಳ ಗಂಡ ಚಪ್ಪಲಿಯ ತುದಿ ನೋಡುತ್ತ, “ನಾನೂ ಕುಡ್ದಿದ್ದೆ,” ಎಂದ.

ಆಮೇಲೆ ಸಾಲಿನುದ್ದಕ್ಕೂ ತಪ್ಪೊಪ್ಪಿಗೆ ನಡೆಯಿತು. ಒಬ್ಬಾತ ಪಂಪು ಒತ್ತಿ ನೋಡಿದ್ದನಂತೆ, ಇನ್ನೊಬ್ಬಾಕೆ ಬಾಟಲಿಯಲ್ಲಿ ಮನೆಗೆ ಕೊಂಡೊಯ್ದು ಕಾಫಿ ಮಾಡಿ ಹಾಲು ಒಡೆಸಿದ್ದಳಂತೆ. ಎಲ್ಲರೂ ಮೊದಲೇ ಮನಸ್ಸು ಮಾಡಿ, ಮನೆಯ ಇನ್ನೊಬ್ಬರನ್ನು ಒಪ್ಪಿಸಲು ಒಂದು ನೆಪ ಹುಡುಕುತ್ತಿದ್ದವರೇ. ಕೈಗೂಸು ಎತ್ತಿಕೊಂಡಿದ್ದ ಗಂಡ ಹೆಂಡತಿ ಮಾತ್ರ ಸಾಲು ಬಿಟ್ಟರು. ಮಗುವಿಗೆ ಚರ್ಮದ ತೊಂದರೆ, ಉಪ್ಪು ನೀರು ಆಗದು ಎಂದರು. ಹೋಗುವಾಗ ಆ ತಾಯಿ ಜಲಜಾಳ ಕೈಯನ್ನು ಒಂದು ಸಲ ಒತ್ತಿದಳು. ಹೇಳದೇ ಇದ್ದಿದ್ದರೆ ಎಂದು ನೆನೆದು, ಅವರು ಗೇಟು ದಾಟುವವರೆಗೂ ನೋಡುತ್ತ ನಿಂತೆ.

ಉಳಿದ ಹತ್ತು ಮನೆಯವರೂ ಕದಲಲಿಲ್ಲ. ವಾರಕ್ಕೆರಡು ಲಾರಿ ಸೇರಿ ತರಿಸೋಣ ಎಂದು ಸಾಲಿನಲ್ಲೇ ಸಂಘ ಕಟ್ಟಿದರು. ಜಲಜಾಳನ್ನು ಅದರ ಅಧ್ಯಕ್ಷೆ ಮಾಡಿದರು, ಅವಳು ಬೇಡವೆನ್ನಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಮ್ಮ ಸರದಿ ಬಂತು. ಮೇಜಿನ ಹಿಂದಿನ ಗುಮಾಸ್ತೆ ನಮ್ಮ ಕಡತ ಬಿಡಿಸಿ, ಮನೆಯ ಓನರ್ ಬಂದಿದ್ದಾರಾ ಎಂದು ತಲೆಯೆತ್ತದೆ ಕೇಳಿದಳು.

“ಹೌಸ್ ಓನರ್ ವಂದಿರುಕ್ಕಾಂಗಳಾ?”

ಮೇಜಿಗೆ ಒರಗಿದ್ದ ನಾನು ಸೆಟೆದು ನಿಂತೆ. ವೀಕ್ಷಾ ನಗುತ್ತಿದ್ದವಳು ಗಪ್ಪೆಂದು ದನಿ ಇಳಿಸಿದಳು. ಜಲಜಾ ಸೆರಗು ಸರಿಮಾಡಿಕೊಂಡಳು. ಮೂವರೂ ಒಟ್ಟಿಗೇ ಹಿಂದಕ್ಕೆ ತಿರುಗಿ, ಯಾರು ಬಂದರೋ ಎಂದು ಬಾಗಿಲ ಕಡೆ ನೋಡಿದೆವು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಗುಮಾಸ್ತೆ ಪೆನ್ನು ಚಾಚಿಕೊಂಡು ಕಾಯುತ್ತಿದ್ದಳು. ಆಗ ಜಲಜಾ, ಶಾಲೆಯಲ್ಲಿ ಹಾಜರಿ ಹೇಳುವವಳಂತೆ, ಮೆಲ್ಲಗೆ ಕೈ ಎತ್ತಿದಳು.