ಬಳೆಗಾರನ ಹೆಲ್ಮೆಟ್ಟು

"ಮಾಫ್ ಮಾಡೇನಿ ಅನ್ನು ರೋಶನ್. ಒಂದ ಮಾತು. ಹೊರಗ ಮಂದಿ ಕಾಯಾಕತ್ತೈತಿ," ಎಂದು ಮೋತಿಬಿ ಮತ್ತೊಮ್ಮೆ ಮೊಣಕೈಯಿಂದ ತಿವಿದಳು.

ರೋಶನಬಿಯ ಗಂಡ ಮಕ್ತುಮಸಾಬನನ್ನು ತೊಳೆದು, ಬಿಳಿ ಬಟ್ಟೆ ಸುತ್ತಿ, ಕಡೆಯ ಸಲ ನೋಡಲಿಕ್ಕೆಂದು ಮುಖವನ್ನಷ್ಟೇ ಬಿಟ್ಟಿದ್ದರು. ಆ ಮುಖವನ್ನು ಆಕೆ ನೋಡಿದ್ದೇ ನೋಡಿದ್ದು. ಎಂಬತ್ತೇಳನೆಯ ಇಸವಿಯ ಬೇಸಿಗೆ, ಬೆಟಗೇರಿಯ ಓಣಿಯಲ್ಲಿ ಬಿಸಿಲು ಆಗಲೇ ಏರಿತ್ತು. ಹಿಂದಿನ ಸಂಜೆ ಎದೆ ಹಿಡಿದುಕೊಂಡು ಹೊರಸಿನ ಮೇಲೆ ಕೂತ ಬಳೆಗಾರ ಮತ್ತೆ ಎದ್ದಿರಲಿಲ್ಲ.

ಅವರ ಮಂದಿಯಲ್ಲಿ ಒಂದು ಪದ್ಧತಿ. ಜನಾಜಾ ಎತ್ತುವ ಮೊದಲು ಹೆಂಡತಿಯಾದವಳು ಗಂಡನ ಮಗ್ಗುಲಲ್ಲಿ ನಿಂತು, ನಿಮ್ಮ ತಪ್ಪೆಲ್ಲ ಮಾಫ್ ಅನ್ನಬೇಕು. ದಿನಾ ಹೊಡೆತ ತಿಂದ ಹೆಂಗಸರೂ ಅತ್ತು ಕರೆದು ಆ ಮಾತು ಅಂದುಬಿಡುತ್ತಾರೆ. ರೋಶನಬಿಯ ಮೇಲೆ ಮಕ್ತುಮಸಾಬ ಒಂದು ದಿನ ಕೈ ಎತ್ತಿದವನಲ್ಲ, ದನಿ ಏರಿಸಿದವನಲ್ಲ. ಅಂಥವನ ಹೆಂಡತಿಗೆ ಏನು ಬಂತಪ್ಪ ಧಾಡಿ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು.

ಬಾಗಿಲ ಹೊರಗಿನಿಂದ ಮೈದುನ ಲಾಡಸಾಬ ಕೂಗಿದ. "ಭಾಬಿ, ಜಲ್ದಿ ಮಾಡ್ರಿ. ಬಿಸಲಿಗೆ ಹೆಣ ತಡೆಯೂದಿಲ್ಲ."

"ತಡೀತೈತಿ ತಡೀರಿ," ಎಂದಳು ರೋಶನಬಿ. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು.

"ಅಯ್ಯ, ಏನ ಹುಡುಗಿ ಇದು! ನನ್ನ ತಮ್ಮ ನಿನಗೇನ ಮಾಡ್ಯಾನ ಹೇಳು," ಎಂದಳು ಮೋತಿಬಿ. ಸತ್ತವನ ಅಕ್ಕ ಆಕೆ. ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ಬಂದಿದ್ದಳು. ದುಃಖಕ್ಕಿಂತ ಈಗ ಸಿಟ್ಟು ಹೆಚ್ಚಾಗಿತ್ತು.

"ಏನ ಮಾಡ್ಯಾರ ಅಂತ ಗೊತ್ತಾದ್ರ ಮಾಫ್ ಮಾಡಬಹುದಿತ್ತು ಆಪಾ. ಗೊತ್ತ ಇಲ್ಲದ್ದನ್ನ ಹೆಂಗ ಮಾಫ್ ಮಾಡ್ಲಿ? ಆ ಹರ್ತಿ ಊರಾಗ ಯಾರದಾರ?"

ಅದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

*

ಮಕ್ತುಮಸಾಬ ಬಳೆಯ ಮಲಾರ ಹೊತ್ತು ಸೊರಟೂರಿಗೆ ಹೋಗುತ್ತಿದ್ದ, ಶಿರಹಟ್ಟಿಯ ಸಂತೆಗೆ ಹೋಗುತ್ತಿದ್ದ, ಮುಂಡರಗಿಯ ಹಾದಿಯ ಹಳ್ಳಿಗಳಿಗೆಲ್ಲ ಹೋಗುತ್ತಿದ್ದ. ಹರ್ತಿಯಲ್ಲಿ ಮಾತ್ರ ವ್ಯಾಪಾರ ಬಿಟ್ಟಿದ್ದ. ಬಿಟ್ಟವನು ಬಿಟ್ಟೇ ಬಿಡಬೇಕಲ್ಲ? ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಇದ್ದುದರಲ್ಲೇ ಒಳ್ಳೆಯ ಬಳೆ ಆರಿಸಿ ಕಾಗದದಲ್ಲಿ ಸುತ್ತಿಕೊಂಡು ಒಬ್ಬನೇ ಹರ್ತಿಗೆ ಹೋಗಿ ಬರುತ್ತಿದ್ದ. ಬಂದ ದಿನ ಊಟ ಬೇಡ ಎನ್ನುತ್ತಿದ್ದ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

"ಯಾರಿಗೆ ಕೊಟ್ಟ ಬಂದ್ರಿ?" ಎಂದರೆ, "ಗಿರಾಕಿಗೆ."

ವರ್ಷಕ್ಕೊಮ್ಮೆ ಒಂದೇ ಗಿರಾಕಿ! ರೋಶನಬಿ ಬುದ್ಧಿಗೇಡಿಯಲ್ಲ. ಆದರೆ ಜಗಳ ತೆಗೆಯಲು ಕೈಯಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನಾದಳು.

ಅದರ ಜೊತೆಗೆ ಆ ಹೆಲ್ಮೆಟ್ಟು. ಅದೂ ಹರ್ತಿಯ ವ್ಯಾಪಾರ ಬಿಟ್ಟ ವರ್ಷವೇ ಮನೆಗೆ ಬಂದದ್ದು. ಎಲ್ಲಿಂದ ಅಂದರೆ ಹೇಳಲಿಲ್ಲ. ಕೆಂಪು ಬಣ್ಣದ್ದು, ಒಂದು ಮಗ್ಗುಲಲ್ಲಿ ಕೆತ್ತಿಹೋಗಿತ್ತು. ಮೋಟರ್ ಸೈಕಲ್ ಓಡಿಸುವವರೇ ರುಮಾಲು ಸುತ್ತಿಕೊಂಡು ಹೋಗುವ ಊರಲ್ಲಿ, ಈ ಪುಣ್ಯಾತ್ಮ ಅದನ್ನು ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ. ಸೈಕಲ್! ನಗದೆ ಬಿಡುತ್ತಾರೆಯೇ ಮಂದಿ? ಗಡಿಗಿಸಾಬ ಎಂದು ಹೆಸರಿಟ್ಟರು. ಹೆಂಗಸರು ಕೈ ಚಾಚಿ ಕೂತು, "ಗಡಿಗ್ಯಾಗ ಏನ ಬೇಯಾಕ ಇಟ್ಟೀಯೋ ಸಾಬಣ್ಣ?" ಎಂದು ಕೇಳಿದರೆ, "ನನ್ನ ಬುದ್ಧಿ ಬೇಯಾಕತ್ತೈತ್ರಿ ಯವ್ವಾ, ಇನ್ನೂ ಹಸಿ ಐತಿ," ಎಂದು ನಗುತ್ತಿದ್ದ. ರೋಶನಬಿ ಕೇಳಿದರೆ ಒಂದು ದಿನ ಬಿಸಿಲಿಗೆ ಎನ್ನುವುದು, ಒಂದು ದಿನ ಕಾಗೆ ಕುಕ್ಕುತ್ತವೆ ಎನ್ನುವುದು. ಎರಡು ಸಲ ಒಂದೇ ಕಾರಣ ಹೇಳಿದವನಲ್ಲ.

ಎರಡು ವರ್ಷದ ಹಿಂದೆ ಮಗ ಮಹಬೂಬಸಾಬ ಗದಗಿನ ಗ್ಯಾರೇಜಿನಲ್ಲಿ ದುಡಿದು ಹಳೆಯ ರಾಜದೂತ್ ಗಾಡಿ ಕೊಂಡ. ಊಟಕ್ಕೆ ಕೂತಾಗ ಅಪ್ಪ, "ನಾಳೆಯಿಂದ ಇದನ್ನ ಹಾಕ್ಕೊಂಡ ಹೋಗಪಾ," ಎಂದು ಹೆಲ್ಮೆಟ್ಟು ಮುಂದಿಟ್ಟ.

"ನಿನ್ನ ನೋಡಿ ನಕ್ಕಿದ್ದು ಸಾಲದೇನು, ನನ್ನೂ ನೋಡಿ ನಗಬೇಕಾ? ಬ್ಯಾಡಪಾ. ನನ್ನ ತಲಿ ಏನ ಗಾಜಿಂದೇನು?" ಎಂದ ಮಗ, ತಮಾಷೆಗೆ.

ತುತ್ತು ಎತ್ತಿದ್ದ ಮಕ್ತುಮಸಾಬನ ಕೈ ಗಾಳಿಯಲ್ಲಿ ನಿಂತಿತು. ಕೈ ತೊಳೆದುಕೊಂಡು ಎದ್ದು ಹೋದ. ಅಷ್ಟು ಸಣ್ಣ ಮಾತಿಗೆ ಯಾಕೆ ಎದ್ದು ಹೋದ ಎಂದು ರೋಶನಬಿ ಅಂದಿನಿಂದ ಇಂದಿನವರೆಗೆ ಯೋಚನೆ ಮಾಡಿದ್ದಾಳೆ. ಹತ್ತಿಲ್ಲ, ಹರಿದಿಲ್ಲ.

*

"ಯಾರೋ ಬಂದಾರ್ರಿ, ಹರ್ತಿಯಿಂದ," ಎಂದ ಲಾಡಸಾಬ ಬಾಗಿಲಲ್ಲಿ.

ಒಳಗಿದ್ದವರೆಲ್ಲ ತಿರುಗಿದರು. ಮೂವತ್ತರ ಆಸುಪಾಸಿನ ಹೆಂಗಸು, ಮಾಸಿದ ಇಳಕಲ್ ಸೀರೆ, ಬೋಳು ಹಣೆ, ಬೋಳು ಕೈ. ರೋಶನಬಿ ಅಡಿಯಿಂದ ಮುಡಿಯವರೆಗೆ ನೋಡಿದಳು. ಇವಳೇ ಎಂದಿತು ಮನಸ್ಸು. ಆದರೆ ಕಣ್ಣು ಆ ಬೋಳು ಕೈ ಬಿಟ್ಟು ಕದಲಲಿಲ್ಲ. ಬಳೆ ತೊಡದವಳಿಗೆ ವರ್ಷ ವರ್ಷ ಬಳೆ ಯಾಕೆ?

ಬಂದವಳು ಹೆಣದ ಕಡೆ ನೋಡಿದಳು, ಆಮೇಲೆ ಗೋಡೆ ನೋಡಿದಳು. ಗೂಟಕ್ಕೆ ಹೆಲ್ಮೆಟ್ಟು ತೂಗುಹಾಕಿತ್ತು. ಹತ್ತಿರ ಹೋಗಿ, ಕೆತ್ತಿಹೋದ ಜಾಗದ ಮೇಲೆ ಬೆರಳಾಡಿಸಿ, "ಕಡೀತನಕ ಹಾಕ್ಕೊಂಡಾನ," ಎಂದು ತನಗೇ ಹೇಳಿಕೊಂಡಳು.

"ಯಾರವ್ವ ನೀನು?" ರೋಶನಬಿಯ ದನಿ ಗಡಸಾಗಿತ್ತು.

"ನಾ ಅಮೃತವ್ವ ಅಕ್ಕಾ. ಮಾರ್ಕೆಟ್ಟಿಗೆ ಬಂದ ನಮ್ಮೂರವರು ಖಬರ ತಂದ್ರು. ತಡಕೊಳ್ಳಾಕ ಆಗಲಿಲ್ಲ, ಬಂದೆ."

"ನನ್ನ ಗಂಡ ನಿನಗೇನಾಗಬೇಕು?"

ಮೋತಿಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಮೃತವ್ವ ಸಿಟ್ಟಾಗಲಿಲ್ಲ. ರೋಶನಬಿಯ ಎದುರು ನೆಲಕ್ಕೆ ಕೂತಳು. "ನಿಮಗ ಹೇಳೇ ಇಲ್ಲೇನಕ್ಕಾ ಅವ? ಹಂಗಾರ ನಾನ ಹೇಳತೀನಿ. ಈ ಟೊಪ್ಪಿಗಿ ನನ್ನ ಗಂಡಂದು," ಎಂದಳು.

*

ಹನ್ನೊಂದು ವರ್ಷದ ಹಿಂದೆ ಹರ್ತಿಯಲ್ಲಿ ಅಮೃತವ್ವನ ಕುಬಸದ ದಿನ. ಚೊಚ್ಚಲು ಬಸುರಿ, ಏಳನೆಯ ತಿಂಗಳು. ಎರಡೂ ಕೈ ತುಂಬ ಹಸಿರು ಬಳೆ ಇಟ್ಟು ಮಕ್ತುಮಸಾಬ ಊಟ ಮಾಡಿ ಎದ್ದಾಗ, ಯಾವುದೋ ಆಡು ಆತನ ಬಳೆಯ ಬುಟ್ಟಿಯ ಮೇಲೆ ಹತ್ತಿ ತಳ ಕಿತ್ತುಹಾಕಿತ್ತು. ಉಳಿದ ಬಳೆ ಮರುದಿನದ ಸೊರಟೂರಿನ ಮದುವೆಯ ಮನೆಗೆ ತೆಗೆದಿಟ್ಟ ಬೆಲೆಯ ಮಾಲು. ತಲೆಯ ಮೇಲೆ ಕೈ ಹೊತ್ತು ಕೂತ.

ಅಮೃತವ್ವನ ಗಂಡ ಸಕ್ರಪ್ಪ ಗದಗಿನ ಅರಳೆಯ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಊರಿಗೆ ಮೊದಲ ಮೋಟರ್ ಸೈಕಲ್ ಅವನದು. ಮಿಲಿಟ್ರಿಯಲ್ಲಿದ್ದ ಅಣ್ಣ ತಂದುಕೊಟ್ಟ ಹೆಲ್ಮೆಟ್ಟು ಹಾಕಿಕೊಂಡೇ ಓಡಾಡುತ್ತಿದ್ದ. ದಿನಾ ಹೊರಡುವಾಗ ಗಲ್ಲದ ಕೆಳಗೆ ಅದರ ಪಟ್ಟಿ ಬಿಗಿಯುವುದು ಅಮೃತವ್ವನ ಕೆಲಸ, ಅದು ಹೊಸ ಗಂಡ ಹೆಂಡಿರ ಆಟ. ಅಂದು ಸಕ್ರಪ್ಪ ಆ ಹೆಲ್ಮೆಟ್ಟನ್ನು ಬಾಯಿ ಮೇಲೆ ಮಾಡಿ ಬಳೆಗಾರನ ಮುಂದೆ ಹಿಡಿದ.

"ಒಳಗ ನೋಡು, ಗಾದಿ ಹಾಕ್ಯಾರ. ನಿನ್ನ ಬಳಿ ಹಾಸಿಗಿ ಮ್ಯಾಲ ಮಲಗಿದಂಗ ಹೋಗ್ತಾವ. ಹಿಂದ ಕುಂಡ್ರು, ಗದಗಿಗೆ ಬಿಡತೀನಿ."

"ನಿಮ್ಮ ತಲಿಗ್ರೀ?"

"ನನ್ನ ತಲಿ ಏನ ಗಾಜಿಂದೇನೋ?" ಎಂದ ಸಕ್ರಪ್ಪ. ಅಂಗಳವೆಲ್ಲ ನಕ್ಕಿತು. ಅಮೃತವ್ವನೂ ನಕ್ಕಳು. ಮಕ್ತುಮಸಾಬ ಹುಲ್ಲು ಹಾಸಿ ಬಳೆ ತುಂಬಿಕೊಂಡ.

ಗಾಡಿ ಜೋರೂ ಇರಲಿಲ್ಲ. ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದು ಹೊಲದಿಂದ ಒಮ್ಮೆಲೆ ದಾರಿಗೆ ಬಂತು. ಸಕ್ರಪ್ಪ ತಪ್ಪಿಸಲು ಹೋದ, ಗಾಡಿ ಜಾರಿತು. ಹಿಂದೆ ಕೂತ ಮಕ್ತುಮಸಾಬ ಹೆಲ್ಮೆಟ್ಟನ್ನು ಹೊಟ್ಟೆಗೆ ಅವಚಿಕೊಂಡು ಎರೆಹೊಲದ ಮಣ್ಣಿಗೆ ಬಿದ್ದ. ಅದು ಕಲ್ಲಿಗೆ ತಾಗಿ ಒಂದು ಮಗ್ಗುಲು ಕೆತ್ತಿತು. ಎದ್ದು ಕೂತವನೇ ಮೊದಲು ಬಳೆ ನೋಡಿದ. ಒಂದೂ ಒಡೆದಿರಲಿಲ್ಲ.

"ಏಳ್ರಿ ಸಕ್ರಪ್ಪಾರ, ಒಂದೂ ಒಡದಿಲ್ಲ!" ಎಂದು ಖುಷಿಯಿಂದ ಕೂಗಿದ.

ಸಕ್ರಪ್ಪನ ತಲೆ ಮೈಲುಗಲ್ಲಿಗೆ ಬಡಿದಿತ್ತು. ಅವನು ಏಳಲಿಲ್ಲ.

*

"ಮರುದಿನ ಅವ ಇಟ್ಟ ಬಳಿ ಹಂಗಽ ಹೊಸಾವು ಇದ್ದಾಗ ನನ್ನ ಕೈ ಹಿಡದು ಒಡದ್ರಕ್ಕಾ," ಎಂದಳು ಅಮೃತವ್ವ. "ದಿವಸದ ಕಾರ್ಯ ಮುಗದ ಮ್ಯಾಲ ಅವ ಈ ಟೊಪ್ಪಿಗಿ ಹಿಡಕೊಂಡು ಬಂದು ಬಾಗಲಾಗ ನಿಂತ. 'ಎದ್ದಕೂಡ್ಲೆ ಮೊದಲ ನಾ ಬಳಿ ನೋಡಿದೆ ತಂಗಿ, ಅವನ್ನ ನೋಡಲಿಲ್ಲ' ಅಂತ ಅದೊಂದಽ ಮಾತು. ಶಾಪ ಹಾಕಬೇಕಂತ ಬಾಯಿ ತೆಗದೆ. ಬಾಯಾಗ ಬಂದದ್ದು ಬ್ಯಾರೇನ. 'ಇದು ಬಳಿ ತುಂಬಾಕ ಮಾಡಿದ್ದಲ್ಲ, ತಲಿಗೆ ಹಾಕ್ಕೊ. ಎಲ್ಲಿ ಹೋದ್ರೂ ಹಾಕ್ಕೊ, ಮಂದಿ ನಗಲಿ. ವರ್ಷಕ್ಕೊಮ್ಮಿ ಬಂದು ನನಗ ತೋರಸು' ಅಂದೆ."

"ಬಳಿ?" ರೋಶನಬಿಯ ಬಾಯಿಂದ ಬಂದದ್ದು ಅಷ್ಟೇ.

"ನನಗ ಹೆಣ್ಣು ಹುಟ್ಟಿತು. ಶೇಖವ್ವ. ಅಕೀ ಕೈಗೆ ತರತಿದ್ದ."

ಬಾಗಿಲ ಬಳಿ ಮಹಬೂಬಸಾಬ ಯಾವಾಗ ಬಂದು ನಿಂತಿದ್ದನೋ, ಗೋಡೆ ಹಿಡಿದುಕೊಂಡಿದ್ದ.

"ನನಗ್ಯಾಕ ಹೇಳಲಿಲ್ಲ ಅವ್ರು? ಹೇಳಿದ್ರ ನಾ ಏನ ನುಂಗತಿದ್ನೆ?" ಎಂದಳು ರೋಶನಬಿ.

"ನಾನೂ ಕೇಳಿದ್ದೆ ಅಕ್ಕಾ. 'ನನ್ನ ಕೈಗುಣ ಚಲೋ ಅಂತ ರೋಶನ್ ಮಂದಿ ಮುಂದ ಹೇಳ್ಕೊಂಡು ಅಡ್ಡಾಡತಾಳ. ಇದು ಗೊತ್ತಾದ್ರ ನನ್ನ ಕೈಲೆ ಬಳಿ ಇಡಸ್ಕೊಳ್ಳಾಂಗಿಲ್ಲ' ಅಂದಿದ್ದ."

ರೋಶನಬಿ ತನ್ನ ಕೈ ನೋಡಿಕೊಂಡಳು. ಹೋದ ಹಬ್ಬಕ್ಕೆ ಆತ ಇಟ್ಟ ಬಳೆ ಇನ್ನೂ ತುಂಬಿಕೊಂಡಿದ್ದವು. ಬೆಳಗಿನಿಂದ ಬಾರದ ಅಳು ಆಗ ಬಂತು ನೋಡಿ, ಗೋಡೆ ನಡುಗುವ ಹಾಗೆ. "ಹುಚ್ಚ ಮನಷ್ಯಾ! ಹನ್ನೊಂದ ವರ್ಷ ಒಬ್ಬನ ಹೊತ್ತೇನು? ನಾ ಏನೇನರ ತಿಳಕೊಂಡೆ, ನನ್ನೂ ಮಾಫ್ ಮಾಡ್ರಿ," ಎಂದು ಆತನ ಹಣೆಯ ಮೇಲೆ ಕೈ ಇಟ್ಟಳು. "ಮಾಫ್ ಮಾಡೇನಿ. ಎಲ್ಲಾ ಮಾಫ್. ಎತ್ತ್ರಿ ಇನ್ನ."

ಗಂಡಸರು ಜನಾಜಾ ಎತ್ತಿದರು.

*

ಕಬರಸ್ತಾನಕ್ಕೆ ಹೋದವರು ತಿರುಗಿ ಬರುವಷ್ಟರಲ್ಲಿ ಮೋತಿಬಿ ಬಳೆ ಒಡೆಯುವ ಕಲ್ಲು ತಂದಿಟ್ಟಿದ್ದಳು. ಅಮೃತವ್ವ ಅದನ್ನು ಅತ್ತ ಸರಿಸಿದಳು.

"ಒಡಿಬ್ಯಾಡ್ರಿ. ಸಾಬೂನ ಕೊಡ್ರಿ."

ರೋಶನಬಿಯ ಕೈಗೆ ಸಾಬೂನು ಸವರಿ, ಹೆಬ್ಬೆರಳು ಒಳಗೆ ಮಡಿಸಿ, ಒಂದೊಂದೇ ಬಳೆ ಜಾರಿಸಿ ತೆಗೆದಳು. ನೋವಾಯಿತೇ ಎಂದು ಕೇಳುತ್ತ ತೆಗೆದಳು. ಬಳೆಗಾರರ ಮನೆಯಲ್ಲಿ ಬೆಳೆದ ಮೋತಿಬಿಯೇ ನೋಡುತ್ತ ನಿಂತಳು. ತೆಗೆದ ಬಳೆ ನೆಲಕ್ಕೆ ಇಡುವುದು ಹೇಗೆ? ಮೆತ್ತನೆಯ ಜಾಗ ಕಂಡರೆ ಬಳೆ ಇಡುವ ಕೈ ಆಕೆಯದು. ಗೂಟದಿಂದ ಹೆಲ್ಮೆಟ್ಟು ತೆಗೆದು ಬಾಯಿ ಮೇಲೆ ಮಾಡಿ ಮುಂದೆ ಹಿಡಿದಳು.

"ಅದರಾಗ ಬ್ಯಾಡ!"

ರೋಶನಬಿ, ಅಮೃತವ್ವ ಇಬ್ಬರೂ ಒಟ್ಟಿಗೇ ಚೀರಿದ್ದರು. ಮೋತಿಬಿ ಬೆಚ್ಚಿ, ಆಗಷ್ಟೇ ಕೇಳಿದ ಕತೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ರೋಶನಬಿ ಸೆರಗು ಹರಡಿ ಬಳೆಗಳನ್ನು ಮಡಿಲಿಗೆ ಹಾಕಿಕೊಂಡಳು.

ಸಂಜೆ ಹರ್ತಿಯ ಬಸ್ಸು ತಪ್ಪಿತ್ತು. "ನಾ ಬಿಟ್ಟ ಬರ್ತೀನಿ," ಎಂದು ಮಹಬೂಬಸಾಬ ಅಂಗಳದಲ್ಲಿ ರಾಜದೂತ್ ಗಾಡಿಗೆ ಕಿಕ್ ಹೊಡೆದ. ಉಗುರಲ್ಲಿ ಇನ್ನೂ ಗೋರಿಯ ಮಣ್ಣಿತ್ತು. ರೋಶನಬಿ ಹೊಸ್ತಿಲವರೆಗೆ ಬಂದಳು. ಗಂಡ ತೀರಿಕೊಂಡವಳು ಕೆಲವು ತಿಂಗಳು ಅದನ್ನು ದಾಟಿ ಹೊರಗೆ ಬರುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಮಡಿಲು ಹಿಡಿದು, ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟು ಮುಂದೆ ಚಾಚಿದಳು.

ಓಣಿಯ ಮಂದಿಯೆಲ್ಲ ಕಟ್ಟೆಯ ಮೇಲಿದ್ದರು. ಮಹಬೂಬಸಾಬ ಅವರ ಕಡೆ ನೋಡಲಿಲ್ಲ. ಗಾಡಿ ಬಂದ್ ಮಾಡಿ ಇಳಿದು ಬಂದ. ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಜೇಬಿಗೆ ಮಡಿಸಿಟ್ಟುಕೊಂಡು, ಹೊಸ್ತಿಲ ಮುಂದೆ ತಲೆ ಬಗ್ಗಿಸಿದ. ರೋಶನಬಿ ಹೆಲ್ಮೆಟ್ಟು ಹಾಕಿದಳು. ಆದರೆ ಗಲ್ಲದ ಕೆಳಗಿನ ಪಟ್ಟಿ ಬಿಗಿಯುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ.

"ತುಸು ಅತ್ತ ಸರೀರಿ ಅಕ್ಕಾ," ಎಂದಳು ಅಮೃತವ್ವ. ಅವಳ ಬೋಳು ಕೈ ನೋಡದೆಯೇ ಕೊಂಡಿ ಹುಡುಕಿತು, ಪಟ್ಟಿ ಎಳೆಯಿತು, ಎರಡು ಬೆರಳು ತೂರಿಸಿ ಬಿಗಿ ಸಾಕೇ ಎಂದು ನೋಡಿತು. ರೋಶನಬಿಯ ಮಡಿಲಲ್ಲಿ ಬಳೆಗಳು ಸಣ್ಣಗೆ ಕಿಣಿಗುಟ್ಟಿದವು. ಒಂದೂ ಒಡೆದಿರಲಿಲ್ಲ.