ಗೋಣಿಯ ತೂಕ ಕಳೆದು

೨೦೧೯ರ ಆಗಸ್ಟ್ ೨೬, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ.

"ಇಳೀಬೇಡ ಕಣ್ಲಾ ಚಕ್ಕಾ, ಮಿಷನ್ ಮೇಲೇ ನಿಂತ್ಕೋ. ಹೆಂಗ್ಸೋ ಗಂಡ್ಸೋ, ತೂಕ ಏನ್ ಹೇಳ್ತದೆ ನೋಡುವಾ."

ಯಶವಂತಪುರ ಯಾರ್ಡಿನ ಈರುಳ್ಳಿ ಮಂಡಿಯ ಮಾಲೀಕ ಮುನಿಆಂಜಿನಪ್ಪ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದ. ಅದರೊಳಗೆ, ಈಗ ತೂಕದ ಮಿಷನ್ ಮೇಲೆ ನಿಂತಿದ್ದ ಅವನ ಹಮಾಲಿ ಶಿವಪುತ್ರ ಹಸಿರು ಸೀರೆ ಉಟ್ಟು, ಕನಕಾಂಬರ ಮುಡಿದು, ಹಾಡೊಂದಕ್ಕೆ ತುಟಿ ಆಡಿಸುತ್ತಿದ್ದ. ಟಿಕ್‌ಟಾಕ್‌ನಲ್ಲಿ ಅವನ ಹೆಸರು ದಾಕ್ಷಾಯಣಿ. ಸಂಜೆಯಾದರೆ ರಾಯಚೂರಿನಿಂದಲೋ ಮಾಕಳಿಯಿಂದಲೋ ತನ್ನಂಥವರೇ ಯಾರಾದರೂ, 'ಅಕ್ಕಾ, ಊಟ ಆಯ್ತಾ?' ಎಂದು ಅಲ್ಲಿ ಕೇಳುತ್ತಿದ್ದರು. ಬೇರೆಲ್ಲೂ ಯಾರೂ ಅವನನ್ನು ಅಕ್ಕ ಎಂದದ್ದಿಲ್ಲ.

"ಮೂಟಿ ಹೊರೋದ್ರಾಗ ಏನ್ ಕಮ್ಮಿ ಮಾಡೀನ್ರೀ ಸಾವ್ಕಾರ್ರ?"

"ಹೆಂಗಸ್ರಿಗೆ ಮೂಟೆ ಕೊಡಲ್ಲ ಇಲ್ಲಿ. ಇದನ್ನ ಅಳಿಸು. ಇಲ್ಲಾ ದೊಡ್ಡಮುನಿಯಮ್ಮನ ಜೊತೆ ಕೂತು ಕೊಳೆತಿದ್ದು ಆರಿಸು, ಸೂಳೆಮಗನೆ."

ಈರುಳ್ಳಿ ಆರಿಸುತ್ತಿದ್ದ ದೊಡ್ಡಮುನಿಯಮ್ಮ ತಲೆ ಎತ್ತಿದಳು. "ಬರ್ಲಿ ಬುಡಿ ಸಾಮಿ, ಗೋಣಿ ಆಸ್ತೀನಿ. ಅವಳೇನ್ ಕಚ್ತಾಳಾ?"

"ಮುಚ್ಕೊಂಡ್ ಆರಿಸು, ಮುದುಕಿ."

ಶಿವಪುತ್ರ ಅಲ್ಲೇ ನಿಂತು ಖಾತೆ ಅಳಿಸಿದ. ಅಳಿಸಿದರೆ ಎಲ್ಲವೂ ಹೋಗುತ್ತದೆ ಎಂದುಕೊಂಡಿದ್ದ. ಆದರೆ ಅವನು ನಿಂತದ್ದನ್ನೂ ಅತ್ತದ್ದನ್ನೂ ಮಾಲೀಕನ ಮಗ ಪುನೀತ್ ವಿಡಿಯೊ ಮಾಡಿಕೊಂಡಿದ್ದ. ಒಂಬತ್ತರ ಹೊತ್ತಿಗೆ ಅದು ಯಾರ್ಡಿನ ಫೋನುಗಳಲ್ಲೆಲ್ಲ ಓಡುತ್ತಿತ್ತು. ಅದನ್ನು ಅಳಿಸುವ ಗುಂಡಿ ಶಿವಪುತ್ರನ ಬಳಿ ಇರಲಿಲ್ಲ.

ಹತ್ತಕ್ಕೆ ಮುನಿಆಂಜಿನಪ್ಪ ಮತ್ತೆ ಕರೆದ. "ಮಂಡಿ ಮಾನ ಹೋಯ್ತು. ಬಿಲ್ಲೆ ಬಿಚ್ಚಿಟ್ಟು ನಡಿ."

"ಅಳಿಸೀನಲ್ರೀ ಯಪ್ಪಾ..."

"ಜನ ನೋಡ್ಬುಟ್ಟವ್ರಲ್ಲಾ."

ಶಿವಪುತ್ರ ಹಮಾಲಿ ಬಿಲ್ಲೆಯನ್ನು ಬಿಚ್ಚಿಟ್ಟ. ತಾನು ಮಲಗುತ್ತಿದ್ದ ಅಟ್ಟ ಹತ್ತಿದ. ಇಳಿದು ಬಂದಾಗ ಖಾಕಿ ಚಡ್ಡಿಯ ಮೇಲೆ ಹಸಿರು ಸೀರೆ ಇತ್ತು. ನೇರ ಹೋಗಿ ತೂಕದ ಮಿಷನ್ ಹತ್ತಿದ.

"ಖಾದರಣ್ಣ, ತೂಕ ಹಿಡಿ. ದಾಕ್ಷಾಯಣಿ ಅಂತ ಬರಕೋ."

ತೂಕ ಬರೆಯುವ ಖಾದರ್ ಬಾಷಾ ಮಾಲೀಕನ ಮುಖ ನೋಡಿದ. ಸುತ್ತಲೂ ಫೋನುಗಳು ಮೇಲೆದ್ದವು. ಮೂಟೆ ತೂಗಿದಾಗ ಗೋಣಿಯ ತೂಕ ಕಳೆದು ಕೂಗುವುದು ಮಂಡಿಯ ರೂಢಿ. ಮುನಿಆಂಜಿನಪ್ಪ ನಕ್ಕ.

"ಸೀರೆನೂ ಗೋಣೀನೇ. ಕಳ್ದು ಕೂಗು ಕಣ್ಲಾ ಖಾದರ್."

"ಕಳೀಬ್ಯಾಡ," ಎಂದಳು ದಾಕ್ಷಾಯಣಿ. "ಸೀರಿ ಸೇರಿಸಿ ಕೂಗು."

ಕೆಂಪು ಅಂಕಿಗಳು ಅಲುಗಾಡಿ ನಿಂತವು. ಖಾದರ್ ತಲೆ ಎತ್ತದೆ, ಏನೂ ಕಳೆಯದೆ ಕೂಗಿದ. ಐವತ್ತೆರಡು ಕಿಲೋ ನಾನೂರು ಗ್ರಾಂ.